ಗೆಣ್ಣಿನ ಮೇಲಿನ ಅರಿಶಿನ

ಯಲಬುರ್ಗಾ
12 ಜೂನ್ 1978

ತಂಗಿ ದುರುಗವ್ವನಿಗೆ,

ಅಕ್ಕ ಮಾರೆವ್ವನ ಆಶೀರ್ವಾದ. ನಿನ್ನ ಎರಡೂ ಕಾರ್ಡು ಮುಟ್ಟಿದವು. ಉತ್ತರ ಬರೆಯದಿದ್ದರೆ ಮೂರನೆಯದರಲ್ಲಿ ಬೈಗುಳವೇ ಬರುತ್ತದೆಂದು ಗೊತ್ತಿರುವುದರಿಂದ ಇಂದು ಇನ್‌ಲ್ಯಾಂಡ್ ತರಿಸಿಕೊಂಡು ಕುಳಿತಿದ್ದೇನೆ. ಮುನಿರಾಬಾದಿನಲ್ಲಿ ಬಾಲವಾಡಿಯ ಮಕ್ಕಳನ್ನು ಬೈದು ಬೈದು ನಿನಗೆ ಅದೇ ರೂಢಿಯಾಗಿದೆ.

ಬರೆಯಲು ಕೈ ಬರುತ್ತದೆ. ಮೇಲಕ್ಕೆತ್ತಲು ಮಾತ್ರ ಬರುವುದಿಲ್ಲ. ಹೆರಳು ಹಾಕಿಕೊಳ್ಳಲು ಹೋದರೆ ತೋಳು ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಈಗ ನನ್ನ ತಲೆ ಬಾಚುವವಳು ನಾದಿನಿ ಹುಲಿಗೆವ್ವ. ರೊಟ್ಟಿ ಬಡಿಯುವುದನ್ನು ಅತ್ತೆ ತಾವೇ ವಹಿಸಿಕೊಂಡಿದ್ದಾರೆ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಗೋಡೆ ಹಿಡಿಯದೆ ಏಳಲಾಗುವುದಿಲ್ಲ. ಅತ್ತೆಯ ಹೆಸರು ಮುದುಕವ್ವ ತಾನೆ, ಮೊನ್ನೆ ಅವರೇ ಅಂದರು: "ನನ್ನ ಹೆಸರು ನಿನಗ ಇಡಬೇಕಿತ್ತವ್ವ, ಮೂವತ್ತಕ್ಕ ಗ್ವಾಡಿ ಹಿಡದಿ." ನಗುತ್ತಲೇ ಅಂದರು. ನಾನೂ ನಕ್ಕೆ.

ಕಣ್ಣಿನ ರೆಪ್ಪೆ ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಬೆರಳಿನ ಗೆಣ್ಣುಗಳ ಮೇಲೆ ಕೆಂಪಗೆ ದಪ್ಪನಾಗಿ ಎದ್ದು ಸಿಪ್ಪೆ ಸುಲಿಯುತ್ತದೆ. ಕುತ್ತಿಗೆ, ಹೆಗಲು ಬಿಸಿಲಿಗೆ ಉರಿಯುತ್ತವೆ. ಉಷ್ಣ ಇರಬೇಕು ಎಂದುಕೊಂಡಿದ್ದೆ.

ಹುಲಿಗೆವ್ವನಿಗೆ ಕನಕಗಿರಿಯ ಕಡೆ ಗಂಡು ಗೊತ್ತಾಗಿದೆ. ದೀಪಾವಳಿ ಮುಗಿದ ಮೇಲೆ ಮದುವೆ. ನಿಶ್ಚಯಕ್ಕೆ ಬೀಗರ ಹೆಣ್ಣುಮಕ್ಕಳು ಬಂದಿದ್ದಾಗ ಮನೆಯ ಹೆಂಗಸರಿಗೆಲ್ಲ ಬಳೆ ಇಡಲು ಅಬೇದಾಬಿಯನ್ನು ಕರೆಸಿದ್ದರು. ಬಳೆಗಾರ್ತಿ ಅಂದರೆ ಕೈಯನ್ನು ಹಿಟ್ಟಿನಂತೆ ಹಿಚುಕುತ್ತಾಳೆ, ನಿನಗೆ ಗೊತ್ತು. ನನ್ನ ಕೈ ಹಿಡಿದು ಗೆಣ್ಣು ಒತ್ತಿದವಳು ಅಲ್ಲೇ ನಿಂತುಬಿಟ್ಟಳು. ಕೈಯನ್ನು ಬೆಳಕಿಗೆ ತಿರುಗಿಸಿದಳು. ಅತ್ತೆಯ ಮುಖ ನೋಡಿದಳು. "ಅವ್ವಾರ ಕೈ ಬಾತೈತ್ರಿ, ಇನ್ನೊಂದಿನ ಬಂದು ಇಡ್ತೀನ್ರಿ" ಎಂದು ಬಳೆಯನ್ನು ತಿರುಗಿ ದಾರಕ್ಕೆ ಪೋಣಿಸಿದಳು.

ಆಮೇಲೆ ಇಬ್ಬರೂ ಹಿತ್ತಿಲಲ್ಲಿ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದ ಅತ್ತೆ ಅರಿಶಿನದ ಬಟ್ಟಲು ತಂದು ನನ್ನ ಎರಡೂ ಕೈಗೆ ದಪ್ಪಗೆ ಮೆತ್ತಿದರು. ಏಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೀಗರ ಮುಂದೆ ಅರಿಶಿನದ ಕೈಯಲ್ಲೇ ಕುಳಿತೆ. ಮದುವೆ ಮನೆ, ಯಾರಿಗೂ ಏನೂ ಅನಿಸಲಿಲ್ಲ.

ಆ ಹೊತ್ತಿಗೆ ಹೆದರಿಕೆ ಬರಬೇಕಿತ್ತು. ಬರಲಿಲ್ಲ. ವಿರುಪಣ್ಣನವರಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಮುತ್ತು.

ನಿನ್ನ ಅಕ್ಕ,
ಮಾರೆವ್ವ


ಮುನಿರಾಬಾದ್
24 ಜೂನ್ 1978

ಅಕ್ಕನಿಗೆ,

ನಮಸ್ಕಾರ, ಕ್ಷೇಮ ಎಲ್ಲ ಆಮೇಲೆ. ನಿನ್ನ ಪತ್ರ ಓದಿ ಊಟ ಸೇರಲಿಲ್ಲ. ಇಷ್ಟೆಲ್ಲ ಆದರೂ ನಾದಿನಿಯ ಮದುವೆ, ಬೀಗರು ಎಂದು ಬರೆದಿದ್ದೀಯಲ್ಲ. ನೀನೇನು ಮನುಷ್ಯಳೋ, ಬೀಸುಕಲ್ಲೋ.

ಅವರು ಹಿತ್ತಿಲಲ್ಲಿ ಯಾವ ಹೆಸರು ಆಡಿದರೆಂದು ನಿನಗೂ ಗೊತ್ತು, ನನಗೂ ಗೊತ್ತು. ದೊಡ್ಡ ಬ್ಯಾನಿ ಅಂದುಕೊಂಡಿದ್ದಾರೆ. ಕುಷ್ಠ ಎಂದು ಬಾಯಿ ಬಿಟ್ಟು ಹೇಳಲು ಹೆದರಿಕೆ, ಅದಕ್ಕೆ ಅರಿಶಿನ. ಅದು ಹೌದೋ ಅಲ್ಲವೋ ಹೇಳಬೇಕಾದವರು ಡಾಕ್ಟರು, ಬಳೆಗಾರ್ತಿಯಲ್ಲ.

ಕೊಪ್ಪಳಕ್ಕೆ ಹೋಗು. ಗವಿಸಿದ್ದಪ್ಪ ಮಾವನವರಿಗೆ ರಜೆ ಹಾಕಲು ಹೇಳು. ತಾಲ್ಲೂಕು ಕಚೇರಿ ಒಬ್ಬ ಜವಾನ ಇಲ್ಲದಿದ್ದರೆ ಮುಳುಗುವುದಿಲ್ಲ. ಡಾಕ್ಟರ ಮುಂದೆ ಕೈ ತೋರಿಸು, ಕಣ್ಣು ತೋರಿಸು, ಹೆಗಲು ತೋರಿಸು. ನಾಚಿಕೆ ಪಟ್ಟುಕೊಂಡು ಸೆರಗು ಎಳೆದುಕೊಂಡು ಕೂತರೆ ನಾನೇ ಬರುತ್ತೇನೆ.

ನಿನ್ನ ತಂಗಿ,
ದುರುಗವ್ವ


ಯಲಬುರ್ಗಾ
3 ಆಗಸ್ಟ್ 1978

ತಂಗಿ ದುರುಗವ್ವನಿಗೆ ಆಶೀರ್ವಾದ.

ಕೊಪ್ಪಳಕ್ಕೆ ಹೋಗಿ ಬಂದೆ. ಇನ್ನಾದರೂ ನೆಮ್ಮದಿಯಾಗಿ ಉಣ್ಣು.

ಹೊರಡುವ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಕೂರಿಸಿಕೊಂಡು ಮುಖಕ್ಕೆ, ಕೈಗೆ, ಕುತ್ತಿಗೆಗೆ ಅರಿಶಿನ ಹಚ್ಚಿದರು. ರೆಪ್ಪೆಯ ಮೇಲೂ ಹಚ್ಚಿದರು. ಸೆರಗನ್ನು ಮೂಗಿನವರೆಗೆ ಎಳೆದರು. ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: "ಸುಸ್ತು ಅಂತ ಅಷ್ಟ ಹೇಳು. ಮೈ ಮ್ಯಾಲಿಂದು ಏನೂ ತೋರಿಸಬ್ಯಾಡ. ಒಮ್ಮಿ ಅವರ ಬಾಯಾಗ ಆ ಹೆಸರು ಬಂತಂದ್ರ ಹುಲಿಗೆವ್ವನ ಮದುವಿ ಅಲ್ಲಿಗೇ ಮುಗೀತು. ಶಕ್ತಿ ಬರೂ ಸೂಜಿ ಮಾಡಿಸ್ಕೊಂಡು ಬಂದುಬಿಡೂಣು."

ಡಾಕ್ಟರು ಒಳ್ಳೆಯವರು. ಅವಸರ ಮಾಡಲಿಲ್ಲ. ನಾಲಿಗೆ ನೋಡಿದರು, ಎದೆಗೆ ನಳಿಗೆ ಇಟ್ಟರು. ಕಣ್ಣು ನೋಡಬೇಕು ಅಂದಾಗ ಅತ್ತೆ, "ಕಣ್ಣು ಬಂದಾವ್ರಿ, ಮುಟ್ಟಬ್ಯಾಡ್ರಿ, ನಿಮಗೂ ಬರ್ತಾವ" ಅಂದರು. ಅವರು ಕೈ ಹಿಂದೆಗೆದುಕೊಂಡರು. ಕಣ್ಣುಬೇನೆಗೆ ಯಾರಾದರೂ ಹೆದರುತ್ತಾರೆ. ಮೈ ಮೇಲೆ ಎಲ್ಲಾದರೂ ಕಲೆ, ಗುಳ್ಳೆ ಇದೆಯೇ ಎಂದೂ ಕೇಳಿದರು. ಇಲ್ಲ ಎಂದೆ. ಹೇಳುವಾಗ ನನ್ನ ಕೈಗಳು ಅವರ ಮೇಜಿನ ಕೆಳಗೇ ಇದ್ದವು.

ರಕ್ತ ಕಡಿಮೆ ಎಂದು ಸೂಜಿ ಚುಚ್ಚಿ ಟಾನಿಕ್ ಬರೆದುಕೊಟ್ಟರು. ತೋರಿಸಿದ್ದಕ್ಕೆ ಸರಿಯಾಗಿ ಔಷಧ ಕೊಟ್ಟರು. ಅವರನ್ನು ಏನೆನ್ನಲಿ.

ಅತ್ತೆಯನ್ನೂ ಬೈಯಬೇಡ. ಅವರ ಚಿಕ್ಕಮ್ಮನಿಗೆ ಆ ಬ್ಯಾನಿ ಬಂದಿತ್ತಂತೆ. ಊರವರು ಹಳ್ಳದ ಆಚೆ ಗುಡಿಸಲು ಹಾಕಿಕೊಟ್ಟರಂತೆ. ಇವರು ಚಿಕ್ಕವರಿದ್ದಾಗ ದೂರದಲ್ಲಿ ಬುತ್ತಿ ಇಟ್ಟು ಓಡಿ ಬರುತ್ತಿದ್ದರಂತೆ. ಅದನ್ನು ಬಸ್ ನಿಲ್ದಾಣದಲ್ಲಿ ಮಂಡಕ್ಕಿ ತಿನ್ನುತ್ತಾ ಹೇಳಿದರು. "ನಿನ್ನ ನಾ ಅಲ್ಲಿಗೆ ಕಳಸಂಗಿಲ್ಲ" ಅಂದರು. ನನ್ನ ಕೈಯ ಅರಿಶಿನ ಮಂಡಕ್ಕಿಗೆ ಹತ್ತಿತ್ತು. ಹಾಗೇ ತಿಂದೆವು.

ನಿನ್ನ ಅಕ್ಕ,
ಮಾರೆವ್ವ


ಮುನಿರಾಬಾದ್
20 ಆಗಸ್ಟ್ 1978

ಅಕ್ಕನಿಗೆ,

ಇನ್ನು ನಿನ್ನನ್ನು ಕೇಳಿ ಫಲವಿಲ್ಲ. ನಿನ್ನ ಅತ್ತೆಯ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಅವರ ಕಾಲ ಹೋಯಿತು. ಈಗ ಆ ಬ್ಯಾನಿಗೂ ಮಾತ್ರೆ ಇದೆ, ಮನೆಯಲ್ಲೇ ಇದ್ದು ನುಂಗಿದರೆ ಸಾಕು. ಗುಡಿಸಲಿಗೆ ಯಾರನ್ನೂ ಹಾಕುವುದಿಲ್ಲ.

ನಮ್ಮ ಬಾಲವಾಡಿಗೆ ಮಕ್ಕಳ ಮೈ ನೋಡಲು ಹುಚ್ಚೀರಪ್ಪ ಎಂಬ ಸರ್ಕಾರದ ಮನುಷ್ಯ ಬರುತ್ತಾನೆ. ಕುಷ್ಠದ ಕೆಲಸ ಅವನದು. ಸೈಕಲ್ ಮೇಲೆ ಊರೂರು ತಿರುಗುತ್ತಾನೆ. ನಿನ್ನ ವಿಷಯ ಅವನಿಗೆ ಹೇಳಿದೆ. ಯಲಬುರ್ಗಾಕ್ಕೆ ಬರುವ ಕೆಲಸ ಇದೆಯಂತೆ, ಮನೆಗೇ ಬಂದು ನೋಡುತ್ತಾನೆ. ಕಣ್ಣು ಮುಚ್ಚಿಸಿ ಗರಿ ಮುಟ್ಟಿಸುತ್ತಾನೆ. ಮುಟ್ಟಿದ್ದು ಗೊತ್ತಾದರೆ ಆ ಬ್ಯಾನಿ ಅಲ್ಲ. ಅಷ್ಟೇ. ಅದಾದ ಮೇಲೆ ನಿನ್ನ ಅತ್ತೆಯ ಅರಿಶಿನದ ಕೆಲಸವೂ ಮುಗಿಯುತ್ತದೆ.

ಹೇಳದೆ ಕಳಿಸಬಾರದು ಎಂದು ಬರೆಯುತ್ತಿದ್ದೇನೆ. ಬೇಡ ಎಂದು ಬರೆಯಬೇಡ. ನಿನ್ನ ಪತ್ರ ಬರುವುದರೊಳಗೆ ಅವನು ಬಂದಿರುತ್ತಾನೆ.

ನಿನ್ನ ತಂಗಿ,
ದುರುಗವ್ವ


ಯಲಬುರ್ಗಾ
2 ಅಕ್ಟೋಬರ್ 1978

ಷಡ್ಡಕರಾದ ವಿರುಪಣ್ಣನವರ ಸನ್ನಿಧಿಗೆ,

ಗವಿಸಿದ್ದಪ್ಪನ ವಿಜ್ಞಾಪನೆ. ನಿಮ್ಮ ಮನೆಯವರಿಗೆ ನಾನು ನೇರವಾಗಿ ಬರೆಯುವುದು ಸರಿಯಲ್ಲವಾದ್ದರಿಂದ ತಮಗೆ ಬರೆಯುತ್ತಿದ್ದೇನೆ. ಅವರಿಗೆ ಓದಿ ಹೇಳಬೇಕು.

ತಾವು ಕಳಿಸಿದ ಹುಚ್ಚೀರಪ್ಪನವರು ಬಂದಿದ್ದರು. ಅವರದು ಏನೂ ತಪ್ಪಿಲ್ಲ. ನನ್ನ ಮನೆಯವಳನ್ನು ಚೆನ್ನಾಗಿ ಪರೀಕ್ಷೆ ಮಾಡಿದರು. ಗರಿ ಮುಟ್ಟಿಸಿದ ಜಾಗವನ್ನೆಲ್ಲ ಅವಳು ಕಣ್ಣು ಮುಚ್ಚಿಯೇ ತೋರಿಸಿದಳು. "ಇದು ಆ ರೋಗ ಅಲ್ರಿ, ಬ್ಯಾರೆ ಏನೋ ಐತಿ, ಹುಬ್ಬಳ್ಳಿಗೆ ತೋರಿಸ್ರಿ" ಎಂದು ನನ್ನ ತಾಯಿಗೆ ಎರಡೆರಡು ಸಲ ಹೇಳಿದರು.

ಆದರೆ ಅವರು ಒಳಗೆ ಇರುವಷ್ಟು ಹೊತ್ತು ಅವರ ಸೈಕಲ್ ನಮ್ಮ ಕಟ್ಟೆಗೆ ಆತು ನಿಂತಿತ್ತು. ಚೀಲ ಅದಕ್ಕೇ ನೇತಾಡುತ್ತಿತ್ತು. ಈ ಸುತ್ತಿನಲ್ಲಿ ಆ ಸೈಕಲ್ ಗೊತ್ತಿಲ್ಲದವರು ಯಾರೂ ಇಲ್ಲ. ಅದು ಯಾರ ಮನೆ ಮುಂದೆ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂದು ಕೂಸಿಗೂ ಗೊತ್ತು. ಒಳಗೆ ಅವರು ಇಲ್ಲ ಅಂದದ್ದು ಹೊರಗೆ ಯಾರಿಗೂ ಕೇಳಲಿಲ್ಲ.

ವಾರದೊಳಗೆ ಕನಕಗಿರಿಯವರು ಹೇಳಿ ಕಳಿಸಿದರು. ಹುಲಿಗೆವ್ವನಿಗೆ ಕೊಟ್ಟ ಸೀರೆ, ಕುಪ್ಪಸ ಹಿಂದಕ್ಕೆ ಕಳಿಸಿದ್ದೇವೆ.

ಸದ್ಯ ನಿಮ್ಮ ಮನೆಯವರು ನಮ್ಮ ಮನೆಗೆ ಬರುವುದು ಬೇಡ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ನನ್ನ ತಾಯಿ ಮಾತು ಬಿಟ್ಟಿದ್ದಾಳೆ.

ಇಂತಿ,
ಗವಿಸಿದ್ದಪ್ಪ


ಮುನಿರಾಬಾದ್
15 ನವೆಂಬರ್ 1978

ಅಕ್ಕನಿಗೆ,

ಇದು ನಾಲ್ಕನೆಯ ಪತ್ರ. ನೀನು ಉತ್ತರ ಬರೆಯದಿರುವುದು ಸಿಟ್ಟಿನಿಂದಲೋ, ಕೈಲಾಗದೆಯೋ ಅಷ್ಟಾದರೂ ತಿಳಿಸು. ಸಿಟ್ಟಾದರೆ ತಡೆದುಕೊಳ್ಳುತ್ತೇನೆ.

ಸೈಕಲ್ಲನ್ನು ಹಿತ್ತಿಲಿಗೆ ನಿಲ್ಲಿಸು ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನನಗೆ ಹೊಳೆಯಲಿಲ್ಲ. ಇವರು, "ನೀ ಏನ್ ಮಾಡಬೇಕಿತ್ತು ಅದನ್ನ ಮಾಡಿದಿ, ಬಿಡು" ಅನ್ನುತ್ತಾರೆ. ಬಿಡಲು ಬರುವುದಿಲ್ಲ.

ಹುಬ್ಬಳ್ಳಿಗೆ ತೋರಿಸಿ ಎಂದು ಹುಚ್ಚೀರಪ್ಪ ಹೇಳಿದ್ದು ಯಾರಿಗಾದರೂ ನೆನಪಿದೆಯೇ?

ದುರುಗವ್ವ


ಯಲಬುರ್ಗಾ
19 ಜನವರಿ 1979

ತಂಗಿ ದುರುಗವ್ವನಿಗೆ ಆಶೀರ್ವಾದ.

ಅಕ್ಷರ ಬೇರೆ ಕಾಣುತ್ತಿದೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತೇನೆ, ಹುಲಿಗೆವ್ವ ಬರೆಯುತ್ತಿದ್ದಾಳೆ. ಬೆರಳಿಗೆ ಏನೂ ಆಗಿಲ್ಲ, ಕೂತು ಬರೆಯುವಷ್ಟು ಹೊತ್ತು ಕುತ್ತಿಗೆ ನಿಲ್ಲುವುದಿಲ್ಲ. ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲಿಕ್ಕೂ ಮೈಯಲ್ಲಿ ಏನಾದರೂ ಇರಬೇಕಲ್ಲ.

ಉಳಿದದ್ದು ಎಲ್ಲ ಛಲೋ ಇದೆ. ಈ ಸಲ ಜೋಳ ಪರವಾಗಿಲ್ಲ.

ನಿನ್ನ ಅಕ್ಕ,
ಮಾರೆವ್ವ

ಅಕ್ಕಾರ, ಇನ್ನು ಮುಂದೆ ನಾನೇ ಬರೆಯುವುದು. ಅತ್ತಿಗೆ ಮಲಗಿದ್ದಾರೆ. ಅವರು ಛಲೋ ಇದೆ ಅಂದದ್ದನ್ನು ನಂಬಬೇಡಿರಿ.

ರೊಟ್ಟಿ ಇಳಿಯುವುದಿಲ್ಲ. ಗಂಜಿ ಕುಡಿಸಿದರೆ ಮೂಗಿನಿಂದ ಬರುತ್ತದೆ. ಮಾತು ಮೂಗಿನಲ್ಲಿ ಬರುತ್ತಿದೆ. ಮಗ್ಗಲು ಬದಲಿಸಬೇಕಾದರೆ ನಾನು, ಅವ್ವ ಇಬ್ಬರೂ ಹಿಡಿಯಬೇಕು. ಅವ್ವ ಈಗಲೂ ದಿನಾ ಬೆಳಿಗ್ಗೆ ಅರಿಶಿನ ಹಚ್ಚುತ್ತಾಳೆ. ಯಾರೂ ಮನೆಗೆ ಬರುವುದಿಲ್ಲ, ನೋಡುವವರು ಯಾರೂ ಇಲ್ಲ, ಆದರೂ ಹಚ್ಚುತ್ತಾಳೆ.

ನಿನ್ನೆ ನಾನು ಬಟ್ಟಲು ಕಸಿದುಕೊಂಡೆ. "ಯಾರ ಸಲುವಾಗಿ ಹಚ್ಚಾಕತ್ತೀಯವ್ವ?" ಎಂದು ಕೇಳಿದೆ. "ನಿನ್ನ ಸಲುವಾಗಿ" ಅಂದಳು. "ನನ್ನ ಮದುವಿ ಮುರದೈತಿ. ಇನ್ನ ಮುಚ್ಚೂದು ಏನೈತಿ?" ಅಂದೆ. ಅವ್ವ ಕೈ ಒರೆಸಿಕೊಂಡು ಒಳಗೆ ಹೋದಳು. ಅಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

ಬರುವ ಸೋಮವಾರ ಅಣ್ಣ, ನಾನು ಅತ್ತಿಗೆಯನ್ನು ಕೊಪ್ಪಳದಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇವೆ. ನೀವು ಅಲ್ಲಿಗೆ ಬರ್ರಿ. ಅಣ್ಣನೇ ಬರೆ ಅಂದಿದ್ದಾನೆ.

ಹುಲಿಗೆವ್ವ


ಹುಬ್ಬಳ್ಳಿ
11 ಫೆಬ್ರವರಿ 1979

ಹುಲಿಗೆವ್ವನಿಗೆ,

ದುರುಗಕ್ಕನ ಆಶೀರ್ವಾದ. ನೀನು ಅವಳನ್ನು ಭರ್ತಿ ಮಾಡಿಸಿ ಊರಿಗೆ ಹೋದ ಮೇಲೆ ಆದದ್ದನ್ನು ಬರೆಯುತ್ತೇನೆ. ಅತ್ತೆಯವರಿಗೂ ಓದಿ ಹೇಳು, ಒಂದು ಸಾಲೂ ಬಿಡಬೇಡ.

ಮರುದಿನ ದೊಡ್ಡ ಡಾಕ್ಟರು ಬಂದರು. ಹಿಂದೆ ಕಲಿಯುವ ಹುಡುಗರು. ಅಕ್ಕನನ್ನು ಕಿಟಕಿಯ ಹತ್ತಿರ ಕೂರಿಸಿ ಎಂದರು. ಎಲ್ಲಿ ನೋವು, ಯಾವಾಗಿನಿಂದ ಎಂದು ಏನೂ ಕೇಳಲಿಲ್ಲ. ಮೊದಲು ಎರಡೂ ಕೈ ಹಿಡಿದು ಬೆಳಕಿಗೆ ಒಡ್ಡಿದರು. ಕೆಂಪು ಇರುವುದು ಗೆಣ್ಣುಗಳ ಮೇಲೆ ಮಾತ್ರ, ಎರಡು ಗೆಣ್ಣುಗಳ ನಡುವೆ ಇಲ್ಲ ಎಂದು ಹುಡುಗರಿಗೆ ತೋರಿಸಿದರು. ಇಷ್ಟು ದಿನ ನೋಡಿದರೂ ನಮ್ಮಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಉಗುರಿನ ಬುಡಕ್ಕೆ ಭೂತಗನ್ನಡಿ ಹಿಡಿದರು, ಅಲ್ಲಿ ಎಳೆ ಎಳೆಯಾಗಿ ಕೆಂಪು ನರಗಳು. ಆಮೇಲೆ ಕಣ್ಣು ಮುಚ್ಚಿಸಿ ರೆಪ್ಪೆ ನೋಡಿದರು. ಆಮೇಲೆ, "ತಾಯಿ, ಹೆಗಲು ಸ್ವಲ್ಪ ನೋಡ್ಲಾ?" ಎಂದು ಕೇಳಿ ಸೆರಗು ಸರಿಸಿದರು. ಕುತ್ತಿಗೆಯಿಂದ ಎರಡೂ ಹೆಗಲಿಗೆ, ಬೆನ್ನಿಗೆ, ಶಾಲು ಹೊದಿಸಿದಷ್ಟು ಜಾಗ ಕೆಂಪಗಿತ್ತು.

ಅಲ್ಲಿಯವರೆಗೆ ಅಕ್ಕ ಸುಸ್ತು ಎಂಬ ಮಾತನ್ನೇ ಆಡಿರಲಿಲ್ಲ. ಡಾಕ್ಟರೇ ಹುಡುಗರಿಗೆ, "ಈಗ ಇವರನ್ನ ನೆಲದ ಮ್ಯಾಲಿಂದ ಏಳಾಕ ಹೇಳ್ರಿ. ಆಗಂಗಿಲ್ಲ" ಅಂದರು. ಅಕ್ಕ ಪ್ರಯತ್ನ ಮಾಡಿದಳು. ಆಗಲಿಲ್ಲ.

ಇದು ಕುಷ್ಠವಲ್ಲ. ಯಾರಿಗೂ ಅಂಟುವುದಿಲ್ಲ. ಮೈಯ ಮಾಂಸಖಂಡಕ್ಕೆ ಉರಿ ಬರುವ ರೋಗ, ಮಾಂಸದ ಜೊತೆಗೆ ಚರ್ಮಕ್ಕೂ ಬರುತ್ತದೆ. "ಹೊಲಾ ಕಾಯೂ ನಾಯಿ ಮನಿ ಮಂದೀನ ಕಚ್ಚಾಕತ್ತಂಗ" ಎಂದು ಡಾಕ್ಟರು ನನಗೆ ತಿಳಿಯುವಂತೆ ಹೇಳಿದರು. ಬರೀ ಸುಸ್ತು ಎಂದರೆ ನೂರು ಕಾರಣ ಇರುತ್ತವಂತೆ. ಸುಸ್ತಿನ ಜೊತೆ ಈ ಕೈ, ಈ ಕಣ್ಣು ನೋಡಿದರೆ ಒಂದೇ ಕಾರಣವಂತೆ. ರಕ್ತ ತೆಗೆದಿದ್ದಾರೆ, ತೊಡೆಯಿಂದ ಸಣ್ಣ ತುಂಡು ಮಾಂಸ ತೆಗೆದು ನೋಡಿದ್ದಾರೆ. ಅವರು ಅಂದದ್ದೇ ಬಂತು. ಈ ರೋಗದ ಹಿಂದೆ ಕೆಲವೊಮ್ಮೆ ಹೊಟ್ಟೆಯಲ್ಲಿ ಗಡ್ಡೆ ಇರುತ್ತದೆಂದು ಅದನ್ನೂ ಹುಡುಕಿದರು. ಇಲ್ಲ.

ಮೂಗಿನಿಂದ ನಳಿಗೆ ಹಾಕಿ ಹಾಲು ಹಾಕುತ್ತಿದ್ದಾರೆ. ಮಾತ್ರೆ ಶುರುವಾಗಿದೆ. ಬಹಳ ದಿನ ನುಂಗಬೇಕು, ನಡುವೆ ತಾನಾಗಿ ಬಿಡಬಾರದು.

"ಇದು ಮೈಮ್ಯಾಲ ಕಂಡು ವರ್ಷ ಆಗಾಕ ಬಂತು. ಯಾರಿಗೂ ತೋರಿಸಲಿಲ್ಲೇನು?" ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆದೆ. ಅಕ್ಕ ಮೊದಲು ಹೇಳಿದಳು. "ನನ್ನ ತೋರಿಸೀವ್ರಿ. ಇದನ್ನ ತೋರಿಸಿಲ್ರಿ."

ಬೇಗ ಬಂದಿದ್ದರೆ ಗಂಟಲು ಹೀಗಾಗುತ್ತಿರಲಿಲ್ಲವಂತೆ. ಅದನ್ನೂ ಓದಿ ಹೇಳು.

ದುರುಗಕ್ಕ


ಯಲಬುರ್ಗಾ
28 ಮೇ 1979

ತಂಗಿ ದುರುಗವ್ವನಿಗೆ ಆಶೀರ್ವಾದ.

ಅಕ್ಷರ ನೋಡಿದೆಯಲ್ಲ, ನನ್ನದೇ. ಕೋಳಿ ಕೆದರಿದಂತಿದ್ದರೂ ನನ್ನದೇ.

ಗೋಡೆ ಹಿಡಿದು ಏಳುತ್ತೇನೆ. ಮೆತ್ತನೆಯ ಅನ್ನ ಇಳಿಯುತ್ತದೆ. ಗಟ್ಟಿ ರೊಟ್ಟಿ ಇನ್ನು ಮುಂದೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಮಾತ್ರೆಯಿಂದ ಮುಖ ಊದಿ ದುಂಡಗಾಗಿದೆ. ಓಣಿಯ ಹೆಂಗಸರು, "ಹುಬ್ಬಳ್ಳಿ ನೀರು ಹತ್ತೈತಿ ನೋಡ್ರಿ, ಹೆಂಗ ತುಂಬಿಕೊಂಡಾಳ" ಅನ್ನುತ್ತಾರೆ. ಈಗ ಮನೆಗೆ ಬರುತ್ತಾರೆ. ದೊಡ್ಡ ಬ್ಯಾನಿ ಬಂದವರು ದಪ್ಪಗಾಗುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದಾರೆ. ಡಾಕ್ಟರ ಮಾತಿಗಿಂತ ನನ್ನ ಗಲ್ಲ ಹೆಚ್ಚು ಕೆಲಸ ಮಾಡಿತು.

ಕೈಕಾಲಿಗೆ ಬಲ ಬಂದ ಹಾಗೆ ಚರ್ಮ ಸುಧಾರಿಸಿಲ್ಲ. ಗೆಣ್ಣಿನ ಮೇಲೆ ಇನ್ನೂ ಇದೆ. ಹಾಗೇ ಉಳಿದರೂ ಉಳಿಯಬಹುದಂತೆ.

ಅತ್ತೆ ದಿನಾ ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ನಿಲ್ಲುತ್ತಾರೆ. ನುಂಗುವ ತನಕ ಹೋಗುವುದಿಲ್ಲ. ನಿನ್ನ ಪತ್ರವನ್ನು ಹುಲಿಗೆವ್ವ ಒಂದು ಸಾಲೂ ಬಿಡದೆ ಓದಿದಳಂತೆ. ಅತ್ತೆ ಪೂರ್ತಿ ಕೇಳಿ, ಎದ್ದು ಹೋಗಿ ದನಕ್ಕೆ ನೀರು ಕುಡಿಸಿದರಂತೆ.

ಹುಲಿಗೆವ್ವನ ಮುಂದೆ ಮದುವೆಯ ಮಾತು ಯಾರೂ ಎತ್ತುವುದಿಲ್ಲ. ಅವಳು ನನ್ನ ತಲೆ ಬಾಚುತ್ತಾಳೆ.

ನಿನ್ನ ಅಕ್ಕ,
ಮಾರೆವ್ವ


ಗಂಗಾವತಿ
9 ಡಿಸೆಂಬರ್ 1979

ದುರುಗಕ್ಕಾರಿಗೆ ಹುಲಿಗೆವ್ವನ ನಮಸ್ಕಾರ.

ನನ್ನ ಮದುವೆಗೆ ನೀವು ಬರಲಿಲ್ಲ. ಕರೆಯಲು ಅಣ್ಣ ಕಾರ್ಡು ಹಾಕಿದ್ದ. ಮುಟ್ಟಲಿಲ್ಲವೇನೋ ಅಂದುಕೊಂಡಿದ್ದೇನೆ.

ಇಲ್ಲಿ ಕಾಲುವೆ ನೀರು, ಭತ್ತ. ನಮ್ಮ ಕಡೆಯಂತೆ ಎರೆಹೊಲ ಅಲ್ಲ. ನಾಟಿ ಮಾಡುವುದು ಇನ್ನೂ ಕೈಗೆ ಹತ್ತಿಲ್ಲ. ನಮ್ಮ ಮನೆಯವರು ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ವಯಸ್ಸು ಹೆಚ್ಚು. ಮೊದಲಿನವಳು ಹೆರಿಗೆಯಲ್ಲಿ ಹೋದಳು. ಅವರಿಗೆ ಮನೆಗೆ ಒಬ್ಬಳು ಬೇಕಿತ್ತು, ಅವರು ನಮ್ಮ ಮನೆಯ ಬಗ್ಗೆ ಏನೂ ವಿಚಾರಿಸಲಿಲ್ಲ. ಎರಡು ಮಕ್ಕಳಿದ್ದಾವೆ. ಸಣ್ಣದು ನನ್ನ ಮಗ್ಗಲಲ್ಲೇ ಮಲಗುತ್ತದೆ. ದೊಡ್ಡವಳು ನನ್ನನ್ನು ಹೊಸಾಕಿ ಅನ್ನುತ್ತಾಳೆ.

ನೀವು ಸೈಕಲ್ ಕಳಿಸಿದಿರಿ ಎಂದು ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿತ್ತು. ಈಗ ಇದೆಯೋ ಇಲ್ಲವೋ, ನಾನು ನೋಡಲು ಹೋಗಿಲ್ಲ. ಅತ್ತಿಗೆ ಬದುಕಿದ್ದಾರೆ. ಅದನ್ನು ಅಂದುಕೊಂಡರೆ ಸಮಾಧಾನ ಆಗಬೇಕು. ಒಂದೊಂದು ದಿನ ಆಗುತ್ತದೆ.

ಮುನಿರಾಬಾದ್ ದೂರವೇನಿಲ್ಲ. ಹುಲಿಗೆಮ್ಮನ ಗುಡಿಗೆ ಬಂದಾಗ ನಿಮ್ಮ ಮನೆಗೆ ಬಂದರೂ ಬಂದೆ.

ಹುಲಿಗೆವ್ವ


ಯಲಬುರ್ಗಾ
22 ಮಾರ್ಚ್ 1981

ತಂಗಿ ದುರುಗವ್ವನಿಗೆ ಆಶೀರ್ವಾದ.

ಹುಲಿಗೆವ್ವನ ಬಗ್ಗೆ ನೀನು ಯಾವ ಪತ್ರದಲ್ಲೂ ಕೇಳುವುದಿಲ್ಲ. ನಾನೂ ಬರೆಯುವುದಿಲ್ಲ. ಇಂದೂ ಬೇಡ. ಬೇರೆ ಒಂದು ಸಂಗತಿ ಇದೆ.

ಹೋದ ತಿಂಗಳು ಹುಬ್ಬಳ್ಳಿಗೆ ಮಾತ್ರೆ ತರಲು ಹೋದಾಗ ದೊಡ್ಡ ಡಾಕ್ಟರು ಒಂದು ಮಾತು ಕೇಳಿದರು. ಹುಡುಗರ ಪರೀಕ್ಷೆ ಇದೆ, ನೀವು ಬಂದು ಕೂಡ್ರುತ್ತೀರಾ ಎಂದು. ರೋಗಿಯನ್ನು ಮುಂದೆ ಕೂರಿಸಿ, ಏನು ರೋಗ ಹೇಳು ಎಂದು ಕೇಳುವುದೇ ಅವರ ಪರೀಕ್ಷೆಯಂತೆ. ನಮ್ಮ ಮನೆಯವರಿಗೆ ಸರಿಬರಲಿಲ್ಲ. "ಗಂಡ್ಹುಡುಗರ ಮುಂದ ಹೆಗಲ ಮ್ಯಾಲಿನ ಸೆರಗು ತಗದು ಕೂಡ್ರೂದೇನು?" ಅಂದರು. ಮನೆಗೆ ಬಂದ ಮೇಲೂ ಅದೇ ಮಾತು. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, "ಹೋಗಲಿ ಬಿಡಪಾ. ಮುಚ್ಚಿಟ್ಟು ಏನು ಉಳಸ್ಕೊಂಡ್ವಿ" ಅಂದರು. ನಿನ್ನ ಪತ್ರ ಓದಿಸಿಕೊಂಡ ಮೇಲೆ ಆ ವಿಷಯವಾಗಿ ಅವರು ಆಡಿದ್ದು ಅದೊಂದೇ ಮಾತು.

ಹೋದೆ. ಒಂದು ಕೋಣೆ, ಒಂದು ಮಂಚ, ಕಿಟಕಿ. ಬಾಗಿಲ ಹತ್ತಿರ ಬೇರೆ ಊರಿನಿಂದ ಬಂದ ಡಾಕ್ಟರರು ಕುರ್ಚಿಯ ಮೇಲೆ. ನನಗೆ ಮೊದಲೇ ಹೇಳಿದ್ದರು: ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ರೋಗದ ಹೆಸರು ಬಾಯಿ ಬಿಡಬಾರದು. ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ.

ಮೊದಲು ಬಂದ ಹುಡುಗಿ ಕೈ ನೋಡಿದಳು, ಆಮೇಲೆ ಕಣ್ಣು ನೋಡಿದಳು. ಅವಳ ಕೆಲಸ ಬೇಗ ಮುಗಿಯಿತು. ಅವಳ ಹಿಂದೆ ಒಬ್ಬ ಹುಡುಗ ಬಂದ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಮಾತು ನಮ್ಮ ಕಡೆಯದೇ. "ಏನ್ ತ್ರಾಸ್ರಿ ಅಮ್ಮಾ?" ಎಂದು ಕೇಳಿದ. ಸುಸ್ತು ಎಂದೆ. ತೋಳು ಎತ್ತಿಸಿದ, ಕಾಲು ಎತ್ತಿಸಿದ, ಕುರ್ಚಿಯಿಂದ ಏಳಿಸಿದ, ಕೂರಿಸಿದ. ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದ. ನಾಲಿಗೆ ನೋಡಿದ. ರಕ್ತ ಕಡಿಮೆ ಇದೆಯೇ, ಸಕ್ಕರೆ ಇದೆಯೇ, ಮನೆಯಲ್ಲಿ ಚಿಂತೆ ಇದೆಯೇ ಎಂದು ಕೇಳಿದ. ಎಲ್ಲದಕ್ಕೂ ಉತ್ತರ ಕೊಟ್ಟೆ. ಒಳ್ಳೆಯ ಹುಡುಗ, ಏನನ್ನೂ ಒರಟಾಗಿ ಮುಟ್ಟಲಿಲ್ಲ. ಆದರೆ ನನ್ನ ಕೈಗಳು ರೂಢಿಯಂತೆ ಸೆರಗಿನೊಳಗೇ ಇದ್ದವು. ಅವನು ಅವನ್ನು ಕೇಳಲೇ ಇಲ್ಲ.

ಬರೆದುಕೊಳ್ಳಲು ಕಾಗದದ ಮೇಲೆ ಬಾಗಿದ. ಕುರ್ಚಿಯ ಮೇಲಿದ್ದವರು ಗಡಿಯಾರ ನೋಡಿದರು.

ದುರುಗವ್ವ, ಈ ಎರಡು ವರ್ಷದಲ್ಲಿ ನನಗೆ ಅಳು ಬಂದಿಲ್ಲ. ಹುಲಿಗೆವ್ವನನ್ನು ಕಳಿಸಿಕೊಡುವಾಗಲೂ ಬರಲಿಲ್ಲ. ಎದೆಯೊಳಗೆ ಎಲ್ಲ ಕಲ್ಲಾಗಿದೆ ಎಂದುಕೊಂಡಿದ್ದೆ. ಆ ಹುಡುಗನ ಬಗ್ಗಿದ ತಲೆ ನೋಡುತ್ತಾ ಕೂತಾಗ ನನಗೆ ಸಿಟ್ಟು ಬಂತು. ಇವನು ಪಾಸಾಗುತ್ತಾನೆ. ಕುಷ್ಟಗಿಗೋ, ನಮ್ಮ ಊರಿಗೋ ಡಾಕ್ಟರಾಗಿ ಬರುತ್ತಾನೆ. ಅವನ ಮೇಜಿನ ಮುಂದೆ ಯಾರದೋ ಸೊಸೆ ಸೆರಗು ಎಳೆದುಕೊಂಡು ಕೂತು ಸುಸ್ತು ಅನ್ನುತ್ತಾಳೆ. ಇವನು ಟಾನಿಕ್ ಬರೆದುಕೊಡುತ್ತಾನೆ.

ಬಾಯಿ ಬಿಡಬಾರದು ಎಂದಿದ್ದರು. ಬಿಡಲಿಲ್ಲ. ಹೆಗಲ ಮೇಲಿನ ಸೆರಗು ನಾನೇ ಇಳಿಸಿದೆ. ಎರಡೂ ಕೈ ಹೊರಗೆ ತೆಗೆದು ಮೇಜಿನ ಮೇಲೆ, ಅವನು ಬರೆಯುತ್ತಿದ್ದ ಕಾಗದದ ಪಕ್ಕ, ಕಿಟಕಿಯ ಬೆಳಕಿನಲ್ಲಿ ಇಟ್ಟೆ.

ಅವನು ತಲೆಯೆತ್ತದೆಯೇ ಅಂದ, "ಕೈ ಒಳಗ ಇಟ್ಕೋರಿ ಅಮ್ಮಾ, ಬಿಸಲು ಬೀಳಾಕತ್ತೈತಿ."

ನಾನು ತೆಗೆಯಲಿಲ್ಲ. ಅವನು ನೋಡುವ ತನಕ ಹಾಗೇ ಇಟ್ಟುಕೊಂಡು ಕೂತೆ.

ನಿನ್ನ ಅಕ್ಕ,
ಮಾರೆವ್ವ